ಹುಲಿಗೆವ್ವನ ಸೀಟು

ಶಾಲಿವಾಹನ ಶಕೆ ಎರಡು ಸಾವಿರದ ನೂರ ಹತ್ತೊಂಬತ್ತು,
ಮೂರನೇ ಬೇಸಿಗೆಯ ನಲವತ್ತನೆಯ ಹಗಲು,
ಕೃಷ್ಣೆ ಮತ್ತು ತುಂಗಭದ್ರೆ ಹರಿಯುತ್ತಿದ್ದ ಜಾಗಗಳ ನಡುವಿನ ಒಂದು ಊರಿನಿಂದ.

ನಮಗಿಂತ ಮೊದಲು ಬದುಕಿದ ಹಿರಿಯರಿಗೆ ಅಂಬಣ್ಣನ ನಮಸ್ಕಾರ.

ಮೇಲಿನ ತಾರೀಖು ನೋಡಿ ನೀವು ನಕ್ಕರೆ ತಪ್ಪಿಲ್ಲ. ನಮಗೆ ಮಳೆಗಾಲ, ಚಳಿಗಾಲ ಹೆಸರಿಗೂ ಉಳಿದಿಲ್ಲ; ಇರುವ ಬಿಸಿಲನ್ನೇ ಮೂರು ಪಾಲು ಮಾಡಿ ಎಣಿಸುತ್ತೇವೆ. ನಿಮಗೆ ತಿಳಿಯದ ಪದಗಳು ಈ ಪತ್ರದಲ್ಲಿ ಬರುತ್ತವೆ, ಬಂದಲ್ಲಿ ಬಿಡಿಸಿ ಹೇಳುತ್ತೇನೆ, ಸಹಿಸಿಕೊಳ್ಳಿ. ಆದರೆ ನಾನು ಬರೆಯಲು ಕೂತಿರುವುದು ನೀವು ಚೆನ್ನಾಗಿ ಬಲ್ಲ ಪದವೊಂದರ ಬಗ್ಗೆ. ಇಂಗ್ಲಿಷಿನಿಂದ ಬಂದು ನಿಮ್ಮ ಬಾಯಲ್ಲಿ ಕನ್ನಡವೇ ಆಗಿಹೋದ ಸೀಟು ಎಂಬ ಪದ.

ನಮ್ಮಲ್ಲಿ ಹಗಲು ಹೊರಗಿದ್ದರೆ ಮನುಷ್ಯ ಉಳಿಯುವುದಿಲ್ಲ. ಹೊತ್ತು ಮಾರುದ್ದ ಏರುವಷ್ಟರಲ್ಲಿ ಎಲ್ಲರೂ ತಂಪುಮನೆ ಸೇರಬೇಕು. ತಂಪುಮನೆ ಎಂದರೆ ನೆಲ ಅಗೆದು ಕಟ್ಟಿದ ದೊಡ್ಡ ಹಜಾರ. ಅದರ ಯಂತ್ರ ಎಷ್ಟು ಜನರ ಉಸಿರಿಗೆ ಸಾಕೋ ಅಷ್ಟೇ ಸೀಟುಗಳು. ಒಬ್ಬೊಬ್ಬರ ಸೀಟೂ ಅವರವರ ಅಂಗೈ ಗುರುತಿಗೆ ಕಟ್ಟಿದ್ದು. ಸಂಜೆ ಬಾಗಿಲು ತೆರೆಯುವವರೆಗೆ ಅಲ್ಲೇ ಬದುಕು: ಹಗ್ಗ ಹೊಸೆಯುವುದು, ಜೋಳ ಹಸನು ಮಾಡುವುದು, ಮಕ್ಕಳಿಗೆ ಅಕ್ಷರ ಕಲಿಸುವುದು, ಬೀಗರನ್ನು ಹುಡುಕುವುದು, ಜಗಳ. ಮಧ್ಯಾಹ್ನ ರೊಟ್ಟಿಯ ಗಂಟು ಬಿಚ್ಚಿದರೆ ಯಾರ ಮನೆಯ ಶೇಂಗಾ ಚಟ್ನಿಗೆ ಬೆಳ್ಳುಳ್ಳಿ ಹೆಚ್ಚಾಗಿದೆ ಎಂದು ಹಜಾರಕ್ಕೆಲ್ಲ ಗೊತ್ತಾಗುತ್ತದೆ. ಸೀಟು ಸಿಗದವರನ್ನು ಹೊರಸಾಲಿನವರು ಎನ್ನುತ್ತೇವೆ. ಅವರು ಬಾಗಿಲ ಹೊರಗಿನ ನೆರಳಿನಲ್ಲಿ ಸ್ವಲ್ಪ ಹೊತ್ತು ಕಾದು, ಕರೆ ಬರದಿದ್ದರೆ ಹಳೆಯ ಬಾವಿಯ ಮೆಟ್ಟಿಲಿಳಿದು ಕೂರುತ್ತಾರೆ. ಎಲ್ಲರೂ ಸಂಜೆಗೆ ಮೇಲೆ ಬರುವುದಿಲ್ಲ.

ಹೀಗಾಗಿ ನಮಗೆ ಸೀಟು ಎಂದರೆ ಜೀವ. ನಿಮಗೋ, ಅದು ಏನೇನಾಗಿತ್ತು! ನಿಮ್ಮ ಕಾಲದ ಕಾಗದಗಳನ್ನು ಓದಿಯೇ ಕಣ್ಣು ಮಂಜಾದವನು ನಾನು. ಸೈಕಲ್ಲಿಗೆ ಸೀಟಿತ್ತು, ಮಳೆಗೆ ಅದಕ್ಕೊಂದು ಪ್ಲಾಸ್ಟಿಕ್ ಟೋಪಿ ಹಾಕುತ್ತಿದ್ದಿರಂತೆ. ಪ್ಯಾಂಟು ಹೊಲಿಯುವವನು ಸೊಂಟದ ಕೆಳಗೆ ಟೇಪು ಸುತ್ತಿ ಸೀಟಿನ ಅಳತೆ ಬರೆದುಕೊಳ್ಳುತ್ತಿದ್ದ. ಗಾಂಧಿ ಕ್ಲಾಸಿನ ಸೀಟಿನಲ್ಲಿ ಕೂತು ಸಿನಿಮಾ ಪರದೆಗೆ ಶಿಳ್ಳೆ ಹೊಡೆದಿರಿ. ಇವನ್ನು ಓದುವಾಗ ಹೊಟ್ಟೆಕಿಚ್ಚಾಗುತ್ತದೆ. ಮುಂದೆ ಓದಿದರೆ ಸಿಟ್ಟು ಬರುತ್ತದೆ. ಮಗ ವೈದ್ಯನಾಗಲು ಸೀಟು ಕೊಂಡಿರಿ. ಎಲೆಕ್ಷನ್ ಬಂದಾಗ ನಿಮ್ಮ ದೊಡ್ಡವರು ಸೀಟು ಹಂಚಿಕೊಂಡರು, ಮಾರಿಕೊಂಡರು. ನೀವು ಪೇಪರಿನಲ್ಲಿ ಓದಿ ಛೀ ಎಂದಿರಿ, ಆಮೇಲೆ ಅದೇ ಪೇಪರಿನಲ್ಲಿ ಮಂಡಕ್ಕಿ ಕಟ್ಟಿಕೊಂಡು ಮನೆಗೆ ಹೋದಿರಿ. ಎಲ್ಲರಿಗೂ ಸೇರಿದ ಜಾಗವನ್ನು ಒಬ್ಬನ ಸೊತ್ತು ಮಾಡುವ ವಿದ್ಯೆಯನ್ನು ನಾವು ಹೊಸದಾಗಿ ಕಂಡುಹಿಡಿಯಬೇಕಾಗಲಿಲ್ಲ.

ಆದರೂ ನಿಮ್ಮಿಂದ ಒಂದು ಒಳ್ಳೆಯದೂ ಬಂದಿತ್ತು. ಬಸ್ಸು ಇನ್ನೂ ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುತ್ತಿದ್ದಿರಿ. ಟವೆಲ್ ಇಲ್ಲದವರು ಕರ್ಚೀಫು, ಅದೂ ಇಲ್ಲದವರು ಒಂಟಿ ಚಪ್ಪಲಿ. ಅದಕ್ಕೆ ಕಾನೂನಿರಲಿಲ್ಲ, ರಸೀದಿ ಇರಲಿಲ್ಲ. ಜಗಳವಾಗುತ್ತಿತ್ತು ನಿಜ. ಆದರೂ ಒಳಗೆ ಬಂದವನು ಆ ಬಟ್ಟೆ ನೋಡಿ ಗೊಣಗುತ್ತಾ ಮುಂದೆ ಹೋಗುತ್ತಿದ್ದ. ಕಾಣದ ಮನುಷ್ಯನೊಬ್ಬ ಬರುತ್ತಾನೆ ಎಂದು ನಂಬುತ್ತಿದ್ದ. ನಮ್ಮ ಮುತ್ತಜ್ಜಿಯರು ಆ ಪದ್ಧತಿಯನ್ನು ತಂಪುಮನೆಗೆ ತಂದರು. ತುರ್ತಾಗಿ ಹೊರಗೆ ಹೋಗಬೇಕಾದವರು ಸೀಟಿನ ಮೇಲೆ ಒಂದು ಬಟ್ಟೆ ಹಾಸಿ ಹೋಗಬಹುದು. ಕಾವಲಿನವನು ಕೇಳಿದಾಗ ಇಬ್ಬರು ಅದು ಇಂಥವರದು, ಬರುತ್ತಾರೆ ಎಂದು ಹೇಳಿದರೆ ಸೀಟು ಉಳಿಯುತ್ತದೆ. ಇದಕ್ಕೆ ಬಟ್ಟೆಸಾಕ್ಷಿ ಎಂದು ಹೆಸರು.

ಹೋದ ವಾರದವರೆಗೆ ಅದು ಎಂದೂ ಸೋತಿರಲಿಲ್ಲ.

ಹುಲಿಗೆವ್ವ ನನ್ನ ಪಕ್ಕದ ಸೀಟಿನವಳು, ಹಗ್ಗ ಹೊಸೆಯುವವಳು, ಬಾಯಿ ಬಹಳ ಜೋರು. ಆ ದಿನ ಬಾಗಿಲು ಹಾಕಿದ ಸ್ವಲ್ಪ ಹೊತ್ತಿಗೆ ಅವಳಿಗೆ ನೆನಪಾಯಿತು: ಗಬ್ಬದ ಆಡನ್ನು ನೆರಳಿನ ಗುಂಡಿಗೆ ಇಳಿಸದೆ ಅಂಗಳದಲ್ಲೇ ಬಿಟ್ಟು ಬಂದಿದ್ದಾಳೆ. ಬೇಡ ಎಂದೆ. ಅವಳು ಆಗಲೇ ತಲೆಯ ಮೇಲಿನ ಹಸಿರು ಬಟ್ಟೆ ತೆಗೆದು ಸೀಟಿಗೆ ಹಾಸಿದ್ದಳು.

“ಯಣ್ಣಾ, ನೋಡ್ಕೊಂಡಿರು. ಸ್ವರ್ಗದಾಗೂ ಸೀಟ್ ಖಾಲಿ ಇಲ್ಲಂತ. ವಾಪಸ್ ಇಲ್ಲಿಗೇ ಬರಬೇಕು ನಾನು” ಎಂದಳು. ಸುತ್ತಲಿನವರು ನಕ್ಕರು. ಅವಳು ಚಿಕ್ಕ ಬಾಗಿಲಿನಿಂದ ಹೋದಳು.

ಕಾವಲಿನವನು ಸುತ್ತು ಬಂದ. ಬಟ್ಟೆ ಎತ್ತಿ ಹಿಡಿದು, ಯಾರದಿದು ಎಂದು ಪದ್ಧತಿಯಂತೆ ಕೇಳಿದ. ಹುಲಿಗೆವ್ವಂದು, ಬರ್ತಾಳ ಎಂದು ನಾನು ಹೇಳಿದೆ.

“ಇನ್ನೊಬ್ರು ಯಾರರ ಹೇಳ್ರಿ.”

ಯಾರೂ ಹೇಳಲಿಲ್ಲ. ಒಂದು ಗಳಿಗೆಯ ಹಿಂದೆ ಅವಳ ಮಾತಿಗೆ ನಕ್ಕವರೇ ರೊಟ್ಟಿಯ ಗಂಟಿನ ಕಡೆ ನೋಡಿದರು. ಯಾಕೆಂದು ನನಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಅವರ ಮುಖಗಳನ್ನು ಒಂದೊಂದಾಗಿ ನೋಡಿದೆ. ಹೊರಸಾಲಿನಲ್ಲಿ ಒಬ್ಬಳ ತಂಗಿ ಇದ್ದಳು, ಒಬ್ಬನ ಅಳಿಯ ಇದ್ದ, ಇನ್ನೊಬ್ಬಳ ಮಗನೇ ಇದ್ದ. ಒಂದು ಸೀಟು ಖಾಲಿಯಾದರೆ ಸಾಲು ಒಂದು ಹೆಜ್ಜೆ ಮುಂದೆ ಬರುತ್ತದೆ. ನಾನು ಹೆಂಡತಿ ಮಕ್ಕಳಿಲ್ಲದವನು, ಸಾಲಿನಲ್ಲಿ ನನ್ನವರು ಯಾರೂ ಇಲ್ಲ. ಮಾತಾಡುವುದು ನನಗೆ ಸುಲಭವಾಗಿತ್ತು; ಇದರಲ್ಲಿ ಹೆಚ್ಚುಗಾರಿಕೆ ಏನೂ ಇಲ್ಲ.

ಸಾಲಿನ ಮೊದಲಿನವಳು ಸೂಗಮ್ಮ ಎಂಬ ಚಿಕ್ಕ ವಯಸ್ಸಿನ ಹೆಂಗಸು. ಅವಳ ಅಂಗೈ ಗುರುತು ಹಾಕಿಸಿ ಕೂರಿಸಿದರು. ಅವಳು ಕೂತು ಬೆವರು ಒರೆಸಿಕೊಳ್ಳುವಷ್ಟರಲ್ಲಿ ಹುಲಿಗೆವ್ವ ಬಂದಳು. ತಡವೇನೂ ಆಗಿರಲಿಲ್ಲ. ಸೀಟು ನೋಡಿದಳು, ನನ್ನನ್ನು ನೋಡಿದಳು. ನಾನು ಏಳಹೋಗಿ, ನನ್ನ ಸೀಟು ಅವಳಿಗೆ ಕೊಡಿ ಎಂದೆ. ಹಾಗೆ ಬರುವುದಿಲ್ಲ ಎಂದು ಕಾವಲಿನವನು ಬಹಳ ಮರ್ಯಾದೆಯಿಂದ ತಿಳಿಸಿದ: ಬಿಟ್ಟ ಸೀಟು ಸಾಲಿನ ಮೊದಲಿನವರಿಗೆ ಹೋಗುತ್ತದೆ, ಇವಳು ಈಗ ಸಾಲಿನ ಕೊನೆಯವಳು.

ಸೂಗಮ್ಮ ಇದನ್ನೆಲ್ಲ ಕೇಳಿಸಿಕೊಂಡಳು, ಅರ್ಥವಾಯಿತೋ ಇಲ್ಲವೋ. ಎದ್ದು ನಿಂತು, “ಅಕ್ಕಾ, ನಿನ್ನ ಜಾಗ ಇದು, ಕುಂದರು” ಎಂದಳು. ಅವಳು ಎದ್ದದ್ದೇ ತಡ, ಕಾವಲಿನವನು ಬಾಗಿಲ ಹೊರಗೆ ಮುಂದಿನ ಹೆಸರು ಕೂಗಿದ. ಒಬ್ಬ ಗಂಡಸು ಒಳಗೆ ಬಂದು, ಅಂಗೈ ಒತ್ತಿ, ಹಸಿರು ಬಟ್ಟೆಯನ್ನು ಕೆಳಗೆ ಸರಿಸಿ ಕೂತ. ಅವನನ್ನು ಕಂಡು ಹಿಂದಿನ ಸಾಲಿನಲ್ಲಿ ಯಾರೋ ಸಂತೋಷದಿಂದ ಅತ್ತರು. ಸೂಗಮ್ಮ ಹುಲಿಗೆವ್ವನ ಕೈ ಹಿಡಿದುಕೊಂಡು ಹೊರಗೆ ಹೋದಳು. ಚಿಕ್ಕ ಬಾಗಿಲು ಮುಚ್ಚಿತು.

ಸಂಜೆ ಬಾವಿಯ ಮೆಟ್ಟಿಲಿನಿಂದ ಸೂಗಮ್ಮ ಒಬ್ಬಳೇ ಹತ್ತಿ ಬಂದಳು. ಹುಲಿಗೆವ್ವ ಕೊನೆಗೆ ಆಡಿನ ಬಗ್ಗೆಯೇ ಮಾತಾಡಿದಳಂತೆ. ಆಡಿಗೆ ಏನೂ ಆಗಿರಲಿಲ್ಲ.

ಇಷ್ಟಕ್ಕೇ ಮುಗಿಯಲಿಲ್ಲ. ಬಟ್ಟೆಸಾಕ್ಷಿಯಿಂದ ಗೊಂದಲವಾಗುತ್ತದೆ, ಅದನ್ನು ತೆಗೆದುಹಾಕೋಣ ಎಂದು ತಂಪುಮನೆಯ ಸಭೆ ಸೂಚಿಸಿದೆ. ಇನ್ನು ಮೇಲೆ ಎದ್ದವನ ಸೀಟು ಎದ್ದ ಕ್ಷಣವೇ ಹೋಗುತ್ತದೆ. ಉಳ್ಳವರು ಬೇಕಾದರೆ ಹಣ ಕಟ್ಟಿ ಎರಡು ಸೀಟು ಇಟ್ಟುಕೊಳ್ಳಬಹುದಂತೆ. ಆ ಸೂಚನೆ ಓದಿ ನನಗೆ ನೀವು ನೆನಪಾದಿರಿ. ನಾಡಿದ್ದು ಸಭೆ. ಇಬ್ಬರು ಕೈ ಎತ್ತಿದರೆ ಮಾತ್ರ ವಿರೋಧ ದಾಖಲಾಗುತ್ತದೆ. ಸೂಗಮ್ಮ ಎತ್ತುತ್ತಾಳೆ, ಆದರೆ ಸೀಟಿಲ್ಲದವರ ಕೈ ಲೆಕ್ಕಕ್ಕಿಲ್ಲ. ಉಳಿದವರ ಮನೆಬಾಗಿಲಿಗೆ ಹೋಗಿ ಬಂದೆ. ಎಲ್ಲರೂ ನೀರು ಕೊಟ್ಟರು, ಹುಲಿಗೆವ್ವ ಒಳ್ಳೆಯವಳಿದ್ದಳು ಎಂದರು, ಸಭೆಯ ದಿನ ಮೈ ನೆಟ್ಟಗಿರುವುದಿಲ್ಲ ಎಂದರು. ನಾನು ಒಬ್ಬನೇ ಕೈ ಎತ್ತುತ್ತೇನೆ, ಅದು ದಾಖಲಾಗುವುದಿಲ್ಲ, ನನಗೆ ಗೊತ್ತಿದೆ.

ನೀವು ಬಂದು ನನ್ನ ಪಕ್ಕದಲ್ಲಿ ಕೈ ಎತ್ತಲಾರಿರಿ. ನಿಮ್ಮ ಬಿಸಿಲು ಇನ್ನೂ ಅಷ್ಟು ಕೆಟ್ಟಿಲ್ಲ, ನಿಮ್ಮಲ್ಲಿ ಸೀಟು ಹೋದವರು ನಿಂತುಕೊಂಡಾದರೂ ಊರು ಸೇರುತ್ತಾರೆ. ಈಗಲೇ ರೂಢಿ ಮಾಡಿಕೊಳ್ಳಿ. ಹೊರಗೆ ಹೋದ ಯಾರದೋ ಜಾಗವನ್ನು ತೋರಿಸಿ ಇದು ಯಾರದು ಎಂದು ಯಾರಾದರೂ ಕೇಳಿದರೆ, ಒಬ್ಬರು ಆಗಲೇ ಉತ್ತರ ಕೊಟ್ಟಿದ್ದರೂ, ನಿಮಗೂ ಗೊತ್ತಿದ್ದರೆ, ನೀವೂ ಹೇಳಿ.

ಇಂತಿ,
ಅಂಬಣ್ಣ