ಸ್ಟಿಕ್ಕರ್ ಕಿತ್ತವಳಿಗೆ ವಂದನೆ

ಮಾರ್ಚ್ 3, ಬೆಳಿಗ್ಗೆ 7
ತೂಕ ಆಯಿತು. ಎರಡೂವರೆ ಕೆಜಿ ನೀರು ಹೆಚ್ಚು. ಟೆಕ್ನಿಷಿಯನ್ನಮ್ಮ ಬೈದಳು — "ಅಣ್ಣಾ, ನೀರು ಕುಡೀತೀರೋ, ಕೆರೆ ತುಂಬಿಸ್ತೀರೋ?" ಸೂಜಿ ಚುಚ್ಚಿದ್ದೇ ಗೊತ್ತಾಗಲಿಲ್ಲ. ನಾಲ್ಕು ವರ್ಷದಿಂದ ವಾರಕ್ಕೆ ಮೂರು ದಿನ ಈ ಡಯಾಲಿಸಿಸ್. ಈ ಕೇಂದ್ರ, ಹನ್ನೊಂದು ತಿಂಗಳು ಬೀದಿಯಲ್ಲಿ ಧರಣಿ ಕೂತು ಸರ್ಕಾರದಿಂದ ಕಿತ್ತುಕೊಂಡದ್ದು.

ಇವತ್ತು ಪ್ರಚಾರ ಇಲಾಖೆಯವರು ಬಂದು ಎಂಟೂ ಮೆಷಿನ್ನಿಗೆ ಸ್ಟಿಕ್ಕರ್ ಬಡಿದರು. 'ಸಾಧನೆಯ ಐದು ವರ್ಷ.' ನಾಯಕರ ನಗುಮುಖ, ನೇರ ಸ್ಕ್ರೀನಿನ ಮೇಲೆ. ಕ್ಯಾಮೆರಾಕ್ಕೆ ಅಲ್ಲೇ ಚೆನ್ನಾಗಿ ಕಾಣುತ್ತದಂತೆ! ರಕ್ತ ಎಷ್ಟು ವೇಗದಲ್ಲಿ ಓಡುತ್ತಿದೆ ಅಂತ ಆ ಹಲ್ಲುಗಳನ್ನು ಕೇಳಬೇಕೆ?

ಟೆಕ್ನಿಷಿಯನ್ನಮ್ಮ ಉಗುರಿನಲ್ಲಿ ಕೆರೆದು ಕಿತ್ತಳು. ಎಂಟನ್ನೂ.

ಮಾರ್ಚ್ 5
ಅವಳಿಗೆ ನೋಟಿಸ್. ನಾಯಕರಿಗೆ ಅಗೌರವವಂತೆ. ಕಾಂಟ್ರ್ಯಾಕ್ಟ್ ಕೆಲಸ — ಶನಿವಾರವೇ ಕೊನೇ ದಿನ. ಮಡಚಿ ಜೇಬಿಗಿಟ್ಟು ನನ್ನ ಟ್ಯೂಬ್ ಸರಿಮಾಡಿದಳು.

ಮಾರ್ಚ್ 7
ಪ್ರಚಾರ ಅಧಿಕಾರಿ ಮಂಚದ ಪಕ್ಕ.
"ಸರ್, ನೀವು ಹಳೇ ಹೋರಾಟಗಾರರು. ಒಂದು ಥ್ಯಾಂಕ್ಸ್ ಅಂದ್ಬಿಡಿ. ನಿಮ್ಮ ಮಾತನ್ನ ಜನ ನಂಬ್ತಾರೆ."
ನಲವತ್ತು ವರ್ಷ ಗೋಡೆ ಗೋಡೆಗೆ ಧಿಕ್ಕಾರ ಬರೆದವನು ನಾನು!
"ಅಂತೀನಿ. ಮೊದಲು ಆಕೆ ನೋಟಿಸ್ ವಾಪಸ್ ತಗೊಳ್ಳಿ. ಬರೆದುಕೊಡಿ."
"ಅದು ನನ್ನ ಕೈಲಿಲ್ಲ ಸರ್."
"ನನ್ನ ಬಾಯಿ ನನ್ನ ಕೈಲಿದೆ ಕಣಯ್ಯ."
ಹೊರಗೆ ಹೋಗಿ ಫೋನು. ಅರ್ಧ ಗಂಟೆಗೆ ಕಾಗದ ಬಂತು, ಸೀಲು ಸಮೇತ.
ಜೊತೆಗೆ ಬಂದಿದ್ದ ಹೆಂಡತಿ ನಕ್ಕಳು — "ಅಂತೂ ಸರ್ಕಾರನ ಹೊಗಳ್ತೀರಿ! ಇದನ್ನ ನೋಡೋಕೇ ಬದುಕಿದ್ದೆ ಅನ್ಸುತ್ತೆ."
ಕ್ಯಾಮೆರಾ ಮುಂದೆ ಹೇಳಿದೆ: "ಈ ಮೆಷಿನ್ ಇಲ್ಲದಿದ್ರೆ ನಾನಿಲ್ಲ. ಕೊಟ್ಟವರಿಗೆ ವಂದನೆ. ಕೇಳಿ ಕೇಳಿ ಗಂಟಲು ಹರ್ಕೊಂಡವರಿಗೆ ವಂದನೆ. ಅಂಕಿ ಕಾಣ್ಲಿ ಅಂತ ಉಗುರು ಮುರ್ಕೊಂಡ ಈ ತಾಯಿಗೆ ದೊಡ್ಡ ವಂದನೆ."
ಒಂದೂ ಸುಳ್ಳಿರಲಿಲ್ಲ. ನನಗೇ ಆಶ್ಚರ್ಯ.

ಮಾರ್ಚ್ 19, ಬೆಳಿಗ್ಗೆ 7.20
ಊರ ತುಂಬ ಪೋಸ್ಟರಿನಲ್ಲಿ ನನ್ನ ಮುಖ. ಬಸ್ಸಿನ ಬೆನ್ನಿಗೂ. ಮೊದಲ ವಂದನೆ ಇಟ್ಟುಕೊಂಡು ಉಳಿದೆರಡಕ್ಕೆ ಕತ್ತರಿ ಹಾಕಿದ್ದಾರೆ, ಕಳ್ಳರು!
ಧರಣಿಯ ಸಂಗಾತಿ ಫೋನು ಮಾಡಿದ — "ಏನಯ್ಯಾ, ಮಾರ್ಕೊಂಡ್ಯಾ?"
"ಹೂಂ. ಒಳ್ಳೇ ರೇಟು ಬಂತು."
ಹೊಟ್ಟೆ ಉರಿಯಿತು, ನಿಜ. ಆದರೆ ಇವತ್ತೂ ಸೂಜಿ ಹಿಡಿದು ಬಂದವಳು ಅವಳೇ. ಅಷ್ಟು ಸಾಕು. ಯಾರ ಮುಲಾಜೂ ಇಲ್ಲದೆ ಕೃತಜ್ಞ ನಾನು. ಕತ್ತರಿಸಿದ್ದನ್ನು ಇಲ್ಲಿ ಪೂರ್ತಿ ಬರೆದಿಡುವೆ. ಮೊದಲು ಬೀದಿಯಲ್ಲಿ ಕೂತವರು, ಒಬ್ಬೊಬ್ಬರಾಗಿ. ಹಗಲೆಲ್ಲ ನಮಗೆ ನೆರಳಾಗಲೆಂದು ತನ್ನ ಗಾಡಿ ನಿಲ್ಲಿಸಿದ ಹಮಾಲ. ಮಗುವನ್ನು ಮಡಿಲಲ್ಲಿಟ್ಟುಕೊಂಡೇ ಘೋಷಣೆ ಕೂಗಿದ ದರ್ಜಿಯಮ್ಮ. ಆಮೇಲೆ...
"ಅಣ್ಣಾ, ಪೆನ್ನು ಕೆಳಗಿಡಿ. ಬಿಪಿ ನೋಡ್ಬೇಕು."
ಇರು ತಾಯೀ, ಇನ್ನೂ ತುಂಬ ಜನ ಇದ್ದಾ—