ಒಂದೇ ಸೆಲ್ಲಿನ ಹಠ

ಅಜ್ಜಂಪುರ, 24 ನವೆಂಬರ್ 1985, ಭಾನುವಾರ

ಇವತ್ತೂ ಅದೇ. ಎಣ್ಣೆ, ಬಿಸಿನೀರು, ಸಾಂಬ್ರಾಣಿ ಹೊಗೆ. ತಲೆಗೆ ಬಟ್ಟೆ, ಕಿವಿಗೆ ಹತ್ತಿ, ಮಂಚದ ಪಕ್ಕ ಕೆಂಡದ ಅಗ್ಗಿಷ್ಟಿಕೆ. ಬಾಣಂತಿ ಕೋಣೆಯ ಕಿಟಕಿ ತೆಗೆಯುವ ಹಾಗಿಲ್ಲ. ಓದುವ ಹಾಗಿಲ್ಲ, ಬರೆಯುವ ಹಾಗಿಲ್ಲ — ಕಣ್ಣು ಹೋಗುತ್ತದಂತೆ. ನನ್ನ ಗ್ರಾಫ್ ಶೀಟುಗಳನ್ನೆಲ್ಲ ಅವ್ವ ಅಟ್ಟಕ್ಕೆ ಸೇರಿಸಿದ್ದಾಳೆ. ಇದನ್ನು ಹೊದಿಕೆ ಮರೆಯಲ್ಲಿ ಬರೆಯುತ್ತಿದ್ದೇನೆ.

ಬರೆಯದಿದ್ದರೇನು, ತಲೆಯಲ್ಲಿ ಸರ್ಕ್ಯೂಟ್ ಓಡುತ್ತಲೇ ಇದೆ. ಹೆರಿಗೆ ರಜಕ್ಕೆ ಬರುವ ಮುಂಚೆಯೇ ನನ್ನ ಆಂಪ್ಲಿಫೈಯರ್ ಫ್ಯಾಕ್ಟರಿಗೆ ಹೋಯಿತು. ಕಿವಿ ಕೇಳದವರ ಮಿಷನ್ನಿಗೆ ಹಾಕುವ ಚಿಪ್. ಒಂದೇ ಪೆನ್ ಸೆಲ್ಲಿನಲ್ಲಿ, ಬರೀ ಒಂದೂವರೆ ವೋಲ್ಟಿನಲ್ಲಿ ಓಡಬೇಕು. ಎರಡು ಸೆಲ್ ಇಲ್ಲದೆ ಸದ್ದನ್ನು ಅಷ್ಟು ದೊಡ್ಡದು ಮಾಡುವ ಗೇನ್ ಬರುವುದೇ ಇಲ್ಲ ಅಂತ ನಮ್ಮ ಹೆಡ್ಡಿನ ವಾದ. ಎರಡು ಸೆಲ್ ಹಾಕಿದರೆ ಡಬ್ಬಿ ಇಟ್ಟಿಗೆಯಾಗುತ್ತದೆ. ಹೆಂಗಸು ರವಿಕೆಯೊಳಗೆ ಎಲ್ಲಿ ಇಟ್ಟುಕೊಳ್ಳಬೇಕು? ಅದನ್ನು ಯೋಚಿಸಿದ್ದು ಇಡೀ ಆಫೀಸಿನಲ್ಲಿ ನಾನೊಬ್ಬಳೇ. ಹೇಳಿಕೊಳ್ಳುವುದಕ್ಕೆ ಏನು ನಾಚಿಕೆ.

ಮಧ್ಯಾಹ್ನ ಅವ್ವ ಹಿತ್ತಲಿಗೆ ಹೋಗುತ್ತ ನನಗೆ ಹೇಳಿದಳು: "ಕೂಸಿನ ಹತ್ರ ನಿಮ್ಮ ದೊಡ್ಡವ್ವನ್ನ ಒಬ್ಬಳನ್ನೇ ಬಿಡಬ್ಯಾಡ ಕಣೇ. ಅತ್ರೂ ಗೊತ್ತಾಗಲ್ಲ ಅವಳಿಗೆ."

ದೊಡ್ಡವ್ವ ಕಾಶಮ್ಮ ಅಲ್ಲೇ ನಿಂತಿದ್ದಳು. ಕಿವಿ ಹೋಗಿ ವರ್ಷಗಳೇ ಆದವು. ತುಟಿ ನೋಡಿ ಮಾತು ಹಿಡಿಯುತ್ತಾಳೆ. ತೊಟ್ಟಿಲ ಪಕ್ಕ ಕೂತು ಅಂಚಿನ ಮೇಲೆ ಕೈ ಇಟ್ಟಳು. ಮಗು ಅತ್ತರೆ ತೊಟ್ಟಿಲು ಅದುರುತ್ತದಲ್ಲ, ಅದಕ್ಕೆ. ಇಳಿಮಧ್ಯಾಹ್ನದವರೆಗೂ ಕೈ ತೆಗೆಯಲಿಲ್ಲ.

7 ಡಿಸೆಂಬರ್, ಶನಿವಾರ

ಬಂತು! ಇವರು ಬೆಂಗಳೂರಿಂದ ರೈಲಿಗೆ ಬಂದರು. ಒಂದೇ ಕಂಪನಿಯಲ್ಲಿ ಗಂಡ ಹೆಂಡತಿ ಇದ್ದರೆ ಇಷ್ಟಾದರೂ ಲಾಭ ಬೇಡವೇ — ಜೇಬಿನಲ್ಲಿ ನನ್ನ ಚಿಪ್. ಎರಡು. ಉಳಿದವು ಲ್ಯಾಬಿಗೆ. ಬೋರ್ಡನ್ನೂ ಸೋಲ್ಡರ್ ಮಾಡಿ ತಂದಿದ್ದಾರೆ. ಮೀಟರನ್ನು ಅಪ್ಪ ತರೀಕೆರೆಯ ರೇಡಿಯೋ ರಿಪೇರಿ ಗೌಸ್ ಪೀರ್ ಹತ್ತಿರ ಮೊದಲೇ ಇಸಕೊಂಡು ಬಂದಿದ್ದರು.

ಹಾಸಿಗೆ ಮೇಲೇ ಜೋಡಿಸಿದೆ. ಒಂದು ಸೆಲ್. ಮೈಕಿನ ಮುಂದೆ ಚಿಟಿಕೆ ಹೊಡೆದೆ. ಮೀಟರಿನ ಮುಳ್ಳು ಎದ್ದಿತು. ಮಗಳು ಸೀನಿದಳು, ಮತ್ತೆ ಎದ್ದಿತು. ನಗು ಬಂತು, ಅಳುವೂ ಬಂತು.

ಸೋಮವಾರ ಹೆಡ್ಡಿಗೆ ಹೇಳಿ ಅಂದೆ. ಹೇಳುವಾಗ ಸ್ವಲ್ಪ ನಗಿ ಅಂತಲೂ ಅಂದೆ.

14 ಡಿಸೆಂಬರ್

ಇವರು ಮತ್ತೆ ಬಂದರು. ಲ್ಯಾಬಿನಲ್ಲಿ ಒಂದೂ ಓಡಲಿಲ್ಲವಂತೆ. ಎಲ್ಲ ಸತ್ತ ಹಾಗೆ ಬಿದ್ದಿವೆಯಂತೆ. "ಬಾಣಂತಿ ಭ್ರಮೆ" ಅಂದರಂತೆ ಹೆಡ್ಡು. ಚಿಪ್ಪುಗಳನ್ನು ಮೂಡಿಸುವ ಮುಂದಿನ ಸಿಲಿಕಾನ್ ಬಿಲ್ಲೆಗೆ, ಅಂದರೆ ವೇಫರಿಗೆ, ಎರಡು ಸೆಲ್ಲಿನ ಸರ್ಕ್ಯೂಟೇ ಹಾಕುವುದಂತೆ. ಮೈಯೆಲ್ಲ ಉರಿಯಿತು.

ಇವರ ಎದುರೇ ಮತ್ತೆ ಹಾಕಿ ತೋರಿಸಿದೆ. ಮುಳ್ಳು ಕುಣಿಯುತ್ತಿದೆ! ಅದೇ ಬ್ಯಾಚು. ಇಲ್ಲಿ ಓಡುವುದು ಅಲ್ಲಿ ಯಾಕೆ ಓಡುವುದಿಲ್ಲ? ಇವರು ಬೆವರು ಒರೆಸಿಕೊಳ್ಳುತ್ತ, ಇದೇನು ಕೋಣೆಯೋ ಒಲೆಯೋ ಅಂದರು. ಸಿಟ್ಟಿನಲ್ಲಿ ಕೇಳಿಸಿಕೊಳ್ಳಲಿಲ್ಲ.

15 ಡಿಸೆಂಬರ್, ಬೆಳಿಗ್ಗೆ

ಒಲೆ! ಏಳುತ್ತಲೇ ಹೊಳೆಯಿತು. ಲ್ಯಾಬಿನಲ್ಲಿ ಏಸಿ. ಇಲ್ಲಿ ಅಗ್ಗಿಷ್ಟಿಕೆ. ಬೆಚ್ಚಗಿದ್ದರೆ ಟ್ರಾನ್ಸಿಸ್ಟರ್ ಕಡಿಮೆ ವೋಲ್ಟಿಗೇ ಏಳುತ್ತದೆ. ತಣ್ಣಗಾದರೆ ಇನ್ನಷ್ಟು ಕೊಡು ಅನ್ನುತ್ತದೆ.

ನಾನು ಹೊಸಿಲು ದಾಟುವ ಹಾಗಿಲ್ಲ. ಇವರು ಇನ್ನೂ ಗೊರಕೆ. ಬೋರ್ಡು, ಮೀಟರು ಎರಡನ್ನೂ ದೊಡ್ಡವ್ವನ ಕೈಗೆ ಕೊಟ್ಟೆ. ಹಿತ್ತಲ ಒಗೆಯುವ ಕಲ್ಲಿನ ಮೇಲೆ ಸ್ವಲ್ಪ ಹೊತ್ತು ಇಡು, ಆಮೇಲೆ ಚಪ್ಪಾಳೆ ತಟ್ಟಿ ಮುಳ್ಳು ನೋಡು ಅಂತ ಸನ್ನೆಯಲ್ಲಿ ಹೇಳಿದೆ. ಹೋದಳು. ಚಳಿಗೆ ನಡುಗುತ್ತ ವಾಪಸ್ ಬಂದಳು.

"ಮಲಗ್ಬಿಟ್ಟೈತೆ ಕಣೇ ನಿನ್ ಮುಳ್ಳು. ನಾನು ಎಷ್ಟು ತಟ್ಟಿದ್ರೂ ಏಳ್ಲಿಲ್ಲ. ಅದ್ಕೂ ನನ್ನಂಗೇ ಕಿವಿ ಇಲ್ಲ ಅನ್ಕಂಡೆ."

ಕೆಂಡದ ಹತ್ತಿರ ಇಟ್ಟೆ. ಎದ್ದಿತು. ಬಾಣಂತನ ನನಗೊಬ್ಬಳಿಗೇ ಅಲ್ಲ, ಚಿಪ್ಪಿಗೂ ನಡೆದಿದೆ!

ಮಿಷನ್ ಮೈಗೆ ತಾಗಿಕೊಂಡಿದ್ದರೆ ಬೆಚ್ಚಗೇ ಇರುತ್ತದಲ್ಲ, ಹಾಗೇ ವಾದ ಮಾಡೋಣ ಅಂದರು ಇವರು. ಬೇಡ ಅಂದೆ. ಬೆಳಗಿನ ಜಾವ ಡಬ್ಬಿ ತಣ್ಣಗೆ ಗೂಡಿನಲ್ಲಿ ಇರುತ್ತದೆ. ಆಗ ಹಾಕಿಕೊಂಡರೆ ದೊಡ್ಡವ್ವನಿಗೆ ಕೇಳಿಸಬೇಡವೇ? ತಪ್ಪು ನನ್ನದು. ತಿದ್ದುವವಳೂ ನಾನೇ.

12 ಜನವರಿ 1986

ಹೆಚ್ಚು ಗೇನ್ ಬೇಕೆಂದು ಒಂದರ ತಲೆ ಮೇಲೆ ಒಂದು ಟ್ರಾನ್ಸಿಸ್ಟರ್ ನಿಲ್ಲಿಸಿದ್ದೆ. ಇರುವ ಒಂದೂವರೆ ವೋಲ್ಟಿನಲ್ಲೇ ಎಲ್ಲರಿಗೂ ಪಾಲು. ಚಳಿ ಬಿದ್ದರೆ ಯಾರಿಗೂ ಸಾಲದು. ಈಗ ಮೇಲಿನವನ್ನು ಇಳಿಸಿ, ಪಕ್ಕದಲ್ಲಿ ಎರಡನೇ ಹಂತ ಮಾಡಿದ್ದೇನೆ. ಪಕ್ಕದಲ್ಲಿರುವವರು ಪಾಲು ಕಿತ್ತುಕೊಳ್ಳುವುದಿಲ್ಲ. ಗೇನ್ ಗುಣಿಸಿಕೊಂಡು ಹೋಗುತ್ತದೆ. ಹಂತ ಎರಡಾದರೆ ತಾನೇ ಕೀ ಅಂತ ಕೂಗಿಕೊಳ್ಳುವ ಚಾಳಿ ಬರುತ್ತದೆ. ಅದನ್ನು ತಡೆಯಲು ನಡುವೆ ಸಣ್ಣ ಕೆಪಾಸಿಟರ್.

ಹೆಡ್ಡು ಒಪ್ಪಿದ್ದಾರೆ, ಇವರು ಹೇಳಿ ಹೇಳಿ. ವೇಫರಿನ ಮೂಲೆಯಲ್ಲಿ ಚೂರು ಜಾಗ. ತಿಂಗಳ ಕೊನೆಯೊಳಗೆ ಡ್ರಾಯಿಂಗ್ ಕೊಡಬೇಕು. ಇದೂ ಸತ್ತರೆ ಒಂದು ಸೆಲ್ಲಿನ ಮಾತೇ ಎತ್ತಬಾರದು. ಆಗಲಿ.

ಗ್ರಾಫ್ ಶೀಟುಗಳನ್ನು ಅವ್ವನೇ ಅಟ್ಟದಿಂದ ಇಳಿಸಿಕೊಟ್ಟಳು. ಕಣ್ಣು ಹೋದರೆ ನನ್ನ ಬೈಯಬೇಡ ಅಂದಳು. ಈ ಹಠ ಯಾರ ಕಡೆಯಿಂದ ಬಂತು ಅಂತ ಅವಳಿಗೆ ಗೊತ್ತು. ಚಿಪ್ಪಿನ ಪದರಕ್ಕೊಂದರಂತೆ ಹಸಿರು, ಕೆಂಪು, ನೀಲಿ ಪೆನ್ಸಿಲ್ ಹಿಡಿದು ಕೂತಿದ್ದೇನೆ. ದೊಡ್ಡವ್ವ ಪಕ್ಕದಲ್ಲಿ, ತೊಟ್ಟಿಲ ಮೇಲೆ ಕೈ.

29 ಜನವರಿ

ಕಳಿಸಿದೆ. ಚೆನ್ನಾಗಿದೆ. ತುಂಬ ಚೆನ್ನಾಗಿದೆ. ನಾನೇ ಹೇಳಬೇಕು, ಈ ಮನೆಯಲ್ಲಿ ಇನ್ಯಾರು ಹೇಳುತ್ತಾರೆ.

ಅಜ್ಜಂಪುರ, 5 ಸೆಪ್ಟೆಂಬರ್ 1986

ಇದನ್ನು ಮುಟ್ಟಿ ಎಷ್ಟು ಕಾಲವಾಯಿತು! ನಾಳೆ ಗೌರಿ ಹಬ್ಬ, ಬಂದಿದ್ದೇನೆ. ಬರಿಗೈಲಿ ಬಂದಿಲ್ಲ.

ಹೋದ ತಿಂಗಳು ಚಿಪ್ ಬಂತು. ಏಸಿ ಲ್ಯಾಬಿನಲ್ಲಿ ಓಡಿತು. ಐಸಿನ ಡಬ್ಬಿಯಲ್ಲಿಟ್ಟೆ, ಓಡಿತು. ಸೆಲ್ ವೀಕಾದರೂ ಓಡಿತು. ಗೇನ್ ಹತ್ತು ಸಾವಿರ ಪಟ್ಟು ದಾಟಿತು. ಹೆಡ್ಡು ಮೀಟರ್ ಬದಲಾಯಿಸಿ ನೋಡಿದರು, ಆಮೇಲೆ ಕುರ್ಚಿ ಎಳೆದುಕೊಂಡು ಕೂತರು. ಮುಂದಿನ ವೇಫರ್ ಪೂರ್ತಿ ನಿಮ್ಮದೇ ಹಾಕೋಣ ಅಂದರು. ಬಾಣಂತಿ ಭ್ರಮೆ ಸಾರ್ ಅಂದೆ. ಅಂದೇಬಿಟ್ಟೆ.

ಮೊದಲ ಮಿಷನ್ ದೊಡ್ಡವ್ವನಿಗೆ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು. ಬೆಳಿಗ್ಗೆ ಹಾಕಿದೆ. ಪಾತ್ರೆ ಸದ್ದಿಗೆ ಬೆಚ್ಚಿ ಕಿತ್ತಿಟ್ಟಳು. ತಾನೇ ಮತ್ತೆ ಹಾಕಿಕೊಂಡಳು. ನಿಮ್ಮವ್ವ ದಿನಾ ಇಷ್ಟು ಮಾತಾಡ್ತಾಳಾ ಅಂತ ಕೇಳಿದಳು.

ಈಗ ಅವ್ವ ಪೇಟೆಗೆ ಹೋಗಿದ್ದಾಳೆ. ದೊಡ್ಡವ್ವ ಅಡಿಗೆಮನೆಯಲ್ಲಿ ಬೇಳೆ ಆರಿಸುತ್ತಿದ್ದಾಳೆ. ಮಗಳು ನಡುಮನೆ ತೊಟ್ಟಿಲಲ್ಲಿ, ನಾನು ಹೊರಗೆ ಜಗಲಿಯಲ್ಲಿ. ಮುಂದಿನ ಸರ್ಕ್ಯೂಟಿನಲ್ಲಿ ಕರೆಂಟ್ ಅರ್ಧಕ್ಕೆ ಇಳಿಸಿದರೆ ಅದೇ ಸೆಲ್ ಇನ್ನೂ —

ದೊಡ್ಡವ್ವ ಕೂಗುತ್ತಿದ್ದಾಳೆ. "ವಿಶಾಲೂ, ಕೂಸು ಎದ್ದೈತೆ, ಅಳ್ತೈತೆ ಕಣೇ. ಕೇಳ್ಸಲ್ವೇನೇ ನಿಂಗೆ?"

ನನಗೆ ಕೇಳಿಸಿರಲಿಲ್ಲ. ಅಡಿಗೆಮನೆಯಲ್ಲಿದ್ದ ಅವಳಿಗೇ ಮೊದಲು ಕೇಳಿಸಿತು.