ನನ್ನ ಮಗಳ ತಲೆಯಲ್ಲಿ ಹುಳುಕಡ್ಡಿಯಿಲ್ಲ

ಶಾಲಾ ಮಕ್ಕಳ ಆರೋಗ್ಯ ತಪಾಸಣಾಧಿಕಾರಿಗಳೇ,

ಒಂದನೇ ಕ್ಲಾಸಿನಲ್ಲಿ ಓದುವ ನನ್ನ ಮಗಳು ಗಿರಿಜೆಗೆ ಹುಳುಕಡ್ಡಿ ಎಂದು ಹೇಳಿ ಎರಡನೆಯ ಸಲ ಶಾಲೆಯಿಂದ ಹೊರಗೆ ಹಾಕಿಸಿದ್ದೀರಿ. ಬಾಗಿಲಲ್ಲೇ ನಿಂತು, ಮೂಗಿಗೆ ಕರವಸ್ತ್ರ ಹಿಡಿದು ಅಷ್ಟು ದೂರದಿಂದ ರೋಗ ಕಂಡುಹಿಡಿದ ನಿಮ್ಮ ಕಣ್ಣಿಗೆ ಶರಣು. ಆದರೆ ಅವಳ ಕಿವಿಯ ಹಿಂದಿನ ಆ ಬೋಳು ಜಾಗವನ್ನು ಒಮ್ಮೆಯಾದರೂ ಮುಟ್ಟಿ ನೋಡಿದಿರಾ? ಅಲ್ಲಿ ಹೊಟ್ಟಿಲ್ಲ, ತುರಿಕೆಯಿಲ್ಲ, ಕೆಂಪಿಲ್ಲ. ಇಷ್ಟು ದಿನ ಅದೇ ಚಾಪೆಯಲ್ಲಿ ಮಲಗಿ ಅದೇ ಬಾಚಣಿಗೆಯಲ್ಲಿ ತಲೆ ಬಾಚಿಸಿಕೊಂಡ ಅವಳ ತಂಗಿಗೆ ಏನೂ ಆಗಿಲ್ಲ. ಇದೆಂಥ ಅಂಟುರೋಗ ಸ್ವಾಮಿ?

ದಾವಣಗೆರೆಯಿಂದ ರಾಜಾಜಿನಗರದ ಈ ಹೊಸ ಬಡಾವಣೆಗೆ ಬಂದವರು ನಾವು. ಮೊದಲ ಸಲ ನೀವು ಮುಲಾಮು ಕೊಟ್ಟು ಮನೆಗೆ ಕಳಿಸಿದಾಗ, ನಮಗೆ ಹಾಲು ಹಾಕುವ ಅತ್ತಿಗುಪ್ಪೆಯ ಲಕ್ಷ್ಮಿದೇವಮ್ಮ ಮಗುವಿನ ತಲೆ ನೋಡಿ, "ಪಟಾಲಮ್ಮ ಕೂದ್ಲು ಕೇಳ್ತಾವ್ಳೆ ಕಣವ್ವಾ, ಮುಡಿ ಕೊಟ್ಬುಡು" ಎಂದರು. ಲಿಂಗ ಕಟ್ಟಿಕೊಂಡವರು ನಾವು, ಊರದೇವತೆಗಳಿಗೆ ಮುಡಿ ಕೊಡುವವರಲ್ಲ. ಆದರೂ ಮಗುವಿನ ಸಂಕಟ ನೋಡಲಾರದೆ ತಲೆ ಬೋಳಿಸಿದೆವು. ಆಮೇಲೆ ಆ ಜಾಗವೂ ಸೇರಿ ತಲೆ ತುಂಬ ಕೂದಲು ಬಂತು. ಆಕೆ ದೇವಿಯ ಮಹಿಮೆ ಎಂದರು, ನೀವು ನಿಮ್ಮ ಮುಲಾಮಿನ ಮಹಿಮೆ ಎಂದು ಬೀಗಿದಿರಿ. ಅಯ್ಯೋ, ಆ ಡಬ್ಬಿಯ ಮುಚ್ಚಳವನ್ನೇ ನಾನು ತೆಗೆದಿರಲಿಲ್ಲ! ಕೂದಲು ಬೆರಳಿಗೆ ಸಿಗುವಷ್ಟು ಬೆಳೆದದ್ದೇ ತಡ, ಮತ್ತೆ ಅಲ್ಲೇ ಬೋಳಾಯಿತು.

ಹುಳುಕಡ್ಡಿ ಹೀಗೆ ಬೆರಳಿಗೆ ಸಿಗುವ ತನಕ ಕಾಯುತ್ತದೆಯೇ? ಅವಳೇ ಕಿತ್ತುಕೊಳ್ಳುತ್ತಾಳೆ. ನಾನು ಕಣ್ಣಾರೆ ನೋಡಿದ್ದೇನೆ. ಬಾಯಿಲೆಕ್ಕ ಎಂದರೆ ಸಾಕು, ಎಡಗೈ ಕಿವಿಯ ಹಿಂದಕ್ಕೆ ಹೋಗುತ್ತದೆ. ಹೂ ಕಟ್ಟಲು ಕೂರಿಸಿದರೆ ಅದೇ ಕೈ ತೆಪ್ಪಗಿರುತ್ತದೆ. "ಯಾಕೇ ಕೀಳ್ತೀಯಾ?" ಎಂದರೆ, "ನಾನಲ್ಲವ್ವಾ, ಕೈ ಹೋಗ್ತದೆ" ಎನ್ನುತ್ತಾಳೆ. ಇದು ಹಟವಲ್ಲ, ಕೊಳಕಲ್ಲ. ಆದರೆ ತಾನಾಗಿ ಕಣ್ಣು ಪಟಪಟ ಬಡಿದುಕೊಳ್ಳುವ ಹುಡುಗರಿಗೂ ಮೇಷ್ಟರನ್ನು ಅಣಕಿಸಿದರೆಂದು ಛಡಿ ಏಟು ಕೊಡುವ ಶಾಲೆಯಲ್ಲಿ ಇದನ್ನು ಯಾರಿಗೆ ಹೇಳಲಿ?

ಈಗ ಅವಳು ತಂಗಿಯ ಹತ್ತಿರವೂ ಹೋಗುವುದಿಲ್ಲ. "ಅವ್ವಾ, ನಾ ಮುಟ್ಟಿದ್ರೆ ಅವಳ ಕೂದ್ಲೂ ಹೋಗ್ತದಾ?" ಎಂದು ಕೇಳಿದಳು. ಆ ಭಯ ಅವಳ ತಲೆಗೆ ತುಂಬಿದವರು ನೀವು.

ನಿಮ್ಮ ಅಪ್ಪಣೆಯನ್ನು ಹಿಂತೆಗೆದುಕೊಳ್ಳಿ. ಬಾಯಿಲೆಕ್ಕದ ಹೊತ್ತಿನಲ್ಲಿ ತರಗತಿಯಲ್ಲಿ ಕುಳಿತು ಅವಳ ಕೈ ನೋಡಿ. ಆಗುವುದಿಲ್ಲವೋ, ಬಿಡಿ. ಸೋಮವಾರ ಅವಳ ತಲೆಗೆ ಬಟ್ಟೆ ಕಟ್ಟದೆ ನಾನೇ ಶಾಲೆಗೆ ಕರೆತರುತ್ತೇನೆ. ತಡೆಯುವುದಾದರೆ ಜವಾನನನ್ನು ಕಳಿಸಬೇಡಿ, ನೀವೇ ಬನ್ನಿ. ತಂಗಿಯನ್ನು ಮುಟ್ಟಬಹುದೇ ಎಂದು ಅವಳು ನಿಮ್ಮನ್ನೇ ಕೇಳುತ್ತಾಳೆ. ಅವಳ ಮುಖ ನೋಡಿಕೊಂಡು ಉತ್ತರ ಹೇಳಿ.

ಇಂತಿ,
ಇದೊಂದು ಸಲ ತಮಗೆ ವಿಧೇಯಳಾಗಿರಲಾರದ,
ಬಸವರಾಜೇಶ್ವರಿ
ರಾಜಾಜಿನಗರ